ಮಿಲ್‌ಟೌನಿನ ನಾದಪರಂಪರೆ

ಯೂರೋಪಿನ ಪಶ್ಚಿಮದ ಅಂಚಿನಲ್ಲಿ, ಅಟ್ಲಾಂಟಿಕ್ ಮಹಾಸಾಗರದ ಅಲೆಗಳಿಗೆ ಎದೆಯೊಡ್ಡಿ ನಿಂತಿರುವ ದ್ವೀಪ ಐರ್ಲೆಂಡ್. ಈ ದ್ವೀಪದ ಪಶ್ಚಿಮ ತೀರದಲ್ಲಿ ಕ್ಲೇರ್ ಎಂಬ ಜಿಲ್ಲೆಯಿದೆ. ಅಲ್ಲಿ ಮಳೆ ಹೆಚ್ಚು, ಮರಗಳು ಕಡಿಮೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಪೇರಿಸಿ ಕಟ್ಟಿದ ಗೋಡೆಗಳು ಹೊಲಗಳನ್ನು ಬೇರ್ಪಡಿಸುತ್ತವೆ. ದನಕುರಿಗಳು ಮೇಯುವ ಹುಲ್ಲುಗಾವಲುಗಳು ಕಡಲಿನ ಅಂಚಿನವರೆಗೂ ಇಳಿದುಹೋಗಿವೆ. ಕಡಲತೀರದಿಂದ ಸ್ವಲ್ಪ ಒಳಗೆ ಮಿಲ್‌ಟೌನ್ ಮಾಲ್‌ಬೇ ಎಂಬ ಸಣ್ಣ ಪೇಟೆಯುಂಟು. ಒಂದು ಅಗಲವಾದ ಬೀದಿ, ಅದರ ಎರಡೂ ಬದಿಗೆ ಬಣ್ಣ ಬಳಿದ ಅಂಗಡಿಗಳು, ಒಂದು ಇಗರ್ಜಿ, ಒಂದೆರಡು ಶಾಲೆಗಳು - ಇಷ್ಟೇ ಊರು. ಜನಸಂಖ್ಯೆ ಸಾವಿರದ ಆಸುಪಾಸು. ಸಮೀಪದ ಕಡಲತೀರಕ್ಕೆ 'ಸ್ಪ್ಯಾನಿಷ್ ಪಾಯಿಂಟ್' ಎಂದು ಹೆಸರು. 1588ರಲ್ಲಿ ಇಂಗ್ಲೆಂಡನ್ನು ಗೆಲ್ಲಲು ಹೊರಟು ಸೋತು ಹಿಂದಿರುಗುತ್ತಿದ್ದ ಸ್ಪೇನಿನ ನೌಕಾಪಡೆಯ ಹಡಗುಗಳು ಬಿರುಗಾಳಿಗೆ ಸಿಕ್ಕಿ ಈ ತೀರದಲ್ಲಿ ಒಡೆದುಹೋದುದರಿಂದ ಆ ಹೆಸರು ಬಂದಿತು.

ಆದರೆ ಇಂದು ಮಿಲ್‌ಟೌನಿನ ಹೆಸರು ದೇಶವಿದೇಶಗಳಲ್ಲಿ ಕೇಳಿಬರುವುದಕ್ಕೆ ಕಾರಣ ಹಡಗೂ ಅಲ್ಲ, ಯುದ್ಧವೂ ಅಲ್ಲ. ಒಬ್ಬ ಬಡಗಿಯ ಸಂಗೀತ. ಆ ಬಡಗಿಯ ಹೆಸರು ವಿಲಿ ಕ್ಲಾನ್ಸಿ.

ಕ್ಲಾನ್ಸಿಯ ಕಥೆಯನ್ನು ಅರಿಯುವ ಮುನ್ನ ಅವನು ನುಡಿಸುತ್ತಿದ್ದ ವಾದ್ಯದ ಪರಿಚಯ ಅವಶ್ಯಕ. ಐರ್ಲೆಂಡಿನ ಹಳ್ಳಿಗಳಲ್ಲಿ ಪಿಟೀಲು, ಮರದ ಕೊಳಲು, ತಗಡಿನ ಸಣ್ಣ ಕೊಳಲು, ಎರಡು ಕೈಗಳ ನಡುವೆ ಹಿಡಿದು ಒತ್ತುವ ಕನ್ಸರ್ಟಿನಾ, ಮೇಕೆಯ ಚರ್ಮ ಬಿಗಿದ ಬೌರಾನ್ ಮೊದಲಾದ ವಾದ್ಯಗಳು ರೂಢಿಯಲ್ಲಿವೆ. ಇವೆಲ್ಲಕ್ಕಿಂತ ಕಠಿನವಾದುದು 'ಇಲನ್ ಪೈಪ್'. ಐರಿಷ್ ಭಾಷೆಯಲ್ಲಿ 'ಇಲನ್' ಎಂಬ ಮಾತು ಮೊಣಕೈಯನ್ನು ಸೂಚಿಸುತ್ತದೆ. ಸ್ಕಾಟ್ಲೆಂಡಿನ ಚೀಲವಾದ್ಯವನ್ನು ಬಾಯಿಂದ ಊದುತ್ತಾರೆ. ಇದನ್ನು ಬಾಯಿಂದ ಊದುವುದಿಲ್ಲ. ವಾದಕನು ಕುಳಿತು, ಒಂದು ಮೊಣಕೈಗೆ ಕಟ್ಟಿಕೊಂಡ ತಿದಿಯನ್ನು ಒತ್ತುತ್ತ ಇನ್ನೊಂದು ಕಂಕುಳಲ್ಲಿರುವ ಚರ್ಮದ ಚೀಲಕ್ಕೆ ಗಾಳಿ ತುಂಬುತ್ತಾನೆ. ಚೀಲದ ಗಾಳಿ ಒಂದು ಕೊಳವೆಯಲ್ಲಿ ಹರಿದು ಬೆರಳುಗಳ ಚಲನೆಯಂತೆ ಎರಡು ಸ್ಥಾಯಿಗಳ ಸ್ವರವನ್ನು ನುಡಿಯುತ್ತದೆ. ಇನ್ನು ಮೂರು ಕೊಳವೆಗಳು ನಮ್ಮ ಶ್ರುತಿಪೆಟ್ಟಿಗೆಯಂತೆ ಒಂದೇ ಸ್ವರವನ್ನು ಎಡೆಬಿಡದೆ ಹಿಡಿದಿರುತ್ತವೆ. ಇವಲ್ಲದೆ ಬೀಗದಂಥ ಕೀಲಿಗಳುಳ್ಳ ಮತ್ತೆ ಮೂರು ಕೊಳವೆಗಳಿದ್ದು, ಅವುಗಳನ್ನು ವಾದಕನು ಮಣಿಕಟ್ಟಿನಿಂದ ಒತ್ತಿ ಒಡನೆ ಹಲವು ಸ್ವರಗಳನ್ನು ಹೊರಡಿಸಬಲ್ಲ. ಎರಡು ಮೊಣಕೈ, ಹತ್ತು ಬೆರಳು, ಮಣಿಕಟ್ಟು ಇವೆಲ್ಲ ಬೇರೆಬೇರೆ ಕೆಲಸಗಳನ್ನು ಏಕಕಾಲದಲ್ಲಿ ಮಾಡಬೇಕು. ಕಲಿಯಲು ಏಳು ವರ್ಷ, ಸಾಧನೆಗೆ ಏಳು ವರ್ಷ, ನುಡಿಸಲು ಏಳು ವರ್ಷ, ಹೀಗೆ ಇಪ್ಪತ್ತೊಂದು ವರ್ಷ ಕಳೆದ ಮೇಲೆ ಒಬ್ಬ ವಾದಕ ಸಿದ್ಧನಾಗುತ್ತಾನೆಂದು ಅಲ್ಲಿನ ಜನ ಹೇಳುವುದುಂಟು. ಈ ಲೆಕ್ಕದಲ್ಲಿ ಉತ್ಪ್ರೇಕ್ಷೆ ಸ್ವಲ್ಪ ಇದ್ದರೂ ಸುಳ್ಳಂತೂ ಇಲ್ಲ.

ಈ ಸಂಗೀತ ಬೆಳೆದುದು ಅರಮನೆಗಳಲ್ಲಲ್ಲ, ಅಡುಗೆಮನೆಗಳಲ್ಲಿ. ಕ್ಲೇರ್ ಜಿಲ್ಲೆಯ ರೈತನ ಮನೆಯಲ್ಲಿ ಅಡುಗೆಮನೆಯೇ ವಿಶಾಲವಾದ ಕೋಣೆ. ಅದಕ್ಕೆ ಚಪ್ಪಡಿಕಲ್ಲಿನ ನೆಲ. ಗೋಡೆಗೆ ಸೇರಿದ ದೊಡ್ಡ ಒಲೆ. ಜೌಗುನೆಲದಿಂದ ಕಡಿದು ಒಣಗಿಸಿದ ಪೀಟ್ ಮಣ್ಣಿನ ಹೆಂಟೆಗಳೇ ಉರುವಲು. ಚಳಿಗಾಲದ ದೀರ್ಘ ರಾತ್ರಿಗಳಲ್ಲಿ ನೆರೆಯವರು ಇಂಥ ಒಂದು ಮನೆಯಲ್ಲಿ ಕೂಡುತ್ತಿದ್ದರು. ಒಬ್ಬ ಪಿಟೀಲುಗಾರನೋ ಕನ್ಸರ್ಟಿನಾ ನುಡಿಸುವ ಹೆಂಗಸೋ ಒಲೆಯ ಪಕ್ಕದಲ್ಲಿ ಕುಳಿತರೆ, ನಾಲ್ಕು ಜೋಡಿಗಳು ಚೌಕಾಕಾರವಾಗಿ ನಿಂತು ನರ್ತಿಸುತ್ತಿದ್ದರು. ಅವರ ಹಿಮ್ಮಡಿಗಳು ಚಪ್ಪಡಿಯನ್ನು ಬಡಿಯುವ ಸದ್ದೇ ತಾಳ. ಆರು ಮಾತ್ರೆಗಳು ಮೂರು ಮೂರಾಗಿ ಸಾಗುವ 'ಜಿಗ್' ನಮ್ಮ ತ್ರಿಶ್ರ ನಡೆಯನ್ನೂ, ನಾಲ್ಕು ನಾಲ್ಕಾಗಿ ಧಾವಿಸುವ 'ರೀಲ್' ಚತುರಶ್ರ ನಡೆಯನ್ನೂ ನೆನಪಿಗೆ ತರುತ್ತವೆ. ಸ್ವರಗಳನ್ನು ಕಾಗದದ ಮೇಲೆ ಬರೆದಿಡುವ ಪದ್ಧತಿ ಈ ಮನೆಗಳಲ್ಲಿ ಇರಲಿಲ್ಲವೆನ್ನಬಹುದು. ಕಿವಿಯಿಂದ ಕೇಳಬೇಕು, ನೆನಪಿನಲ್ಲಿಡಬೇಕು, ಬೆರಳಿನಿಂದ ನುಡಿಸಬೇಕು. ಆದುದರಿಂದ ಒಬ್ಬ ವೃದ್ಧ ವಾದಕ ತೀರಿಕೊಂಡರೆ, ಅವನಿಂದ ಯಾರೂ ಕಲಿತಿರದ ಮಟ್ಟುಗಳೆಲ್ಲ ಅವನೊಡನೆ ಮಣ್ಣು ಸೇರುತ್ತಿದ್ದವು.

ಹೀಗೆ ಮಣ್ಣು ಸೇರಿದವು ಎಷ್ಟೋ! 1845ರಲ್ಲಿ ಐರ್ಲೆಂಡಿನ ಬಡವರ ಏಕಮಾತ್ರ ಆಹಾರವಾಗಿದ್ದ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿತು. ಮುಂದಿನ ಏಳು ವರ್ಷಗಳ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಹಸಿವು ಮತ್ತು ಜ್ವರಗಳಿಂದ ಸತ್ತರು. ಅಷ್ಟೇ ಜನ ದೇಶ ಬಿಟ್ಟು ಹೋದರು. 1841ರ ಜನಗಣತಿಯಲ್ಲಿ 80 ಲಕ್ಷವನ್ನು ಮೀರಿದ್ದ ಜನಸಂಖ್ಯೆ 1851ರಲ್ಲಿ ಸುಮಾರು 65 ಲಕ್ಷಕ್ಕೆ ಕುಸಿಯಿತು. ಕ್ಷಾಮ ಮುಗಿದರೂ ವಲಸೆ ಮುಗಿಯಲಿಲ್ಲ. ಮಗನೋ ಮಗಳೋ ಅಮೆರಿಕಕ್ಕೆ ಹೊರಡುವ ಹಿಂದಿನ ರಾತ್ರಿ ನೆರೆಹೊರೆಯವರೆಲ್ಲ ಆ ಮನೆಯಲ್ಲಿ ಸೇರಿ ಬೆಳಗಿನವರೆಗೂ ಹಾಡಿ, ಕುಣಿದು, ಅಳುತ್ತಿದ್ದರು. ಹೆಣದ ಪಕ್ಕದಲ್ಲಿ ರಾತ್ರಿಯೆಲ್ಲ ಎಚ್ಚರವಿರುವ ಆಚರಣೆಗೆ 'ವೇಕ್' ಎಂದು ಹೆಸರು. ಈ ಬೀಳ್ಕೊಡುಗೆಗೂ ಜನ 'ಅಮೆರಿಕನ್ ವೇಕ್' ಎಂದೇ ಕರೆದರು. ಹೋದವರಲ್ಲಿ ಬಹುಮಂದಿ ಮತ್ತೆ ತಾಯ್ನೆಲವನ್ನು ಕಾಣುವಂತಿರಲಿಲ್ಲ. ಹೆತ್ತವರಿಗೆ ಅದು ಜೀವಂತ ಮಕ್ಕಳ ಉತ್ತರಕ್ರಿಯೆಯಾಗಿತ್ತು.

ಹೊರಟುಹೋದವರು ಕೈಯಲ್ಲಿ ಏನನ್ನೂ ಒಯ್ಯಲಾಗದಿದ್ದರೂ ಕಿವಿಯಲ್ಲಿ ಸಂಗೀತವನ್ನು ಒಯ್ದರು. ಕಾರ್ಕ್ ಜಿಲ್ಲೆಯ ಟ್ರಾಲಿಬೇನ್ ಎಂಬ ಹಳ್ಳಿಯಲ್ಲಿ 1848ರಲ್ಲಿ ಹುಟ್ಟಿದ ಫ್ರಾನ್ಸಿಸ್ ಓ'ನೀಲ್ ಚಿಕ್ಕ ವಯಸ್ಸಿನಲ್ಲೇ ಹಡಗು ಹತ್ತಿದವನು. ಮುಂದೆ ಅವನು ಅಮೆರಿಕದ ಶಿಕಾಗೋ ನಗರದ ಪೊಲೀಸ್ ಇಲಾಖೆ ಸೇರಿ, 1901ರಿಂದ 1905ರವರೆಗೆ ಅದರ ಮುಖ್ಯಸ್ಥನಾಗಿದ್ದ. ಕಳ್ಳರನ್ನು ಹಿಡಿಯುವ ಈ ಅಧಿಕಾರಿ ವಲಸೆ ಬಂದ ತನ್ನ ನಾಡಿಗರಿಂದ ಮಟ್ಟುಗಳನ್ನೂ ಹಿಡಿದಿಡುತ್ತಿದ್ದ. ತನಗೆ ಸ್ವರಲಿಪಿ ಬರೆಯಲು ಬಾರದು. ಆದುದರಿಂದ ಅವನು ನುಡಿಸಿ ತೋರಿಸಿದುದನ್ನು ಅದೇ ಇಲಾಖೆಯ ಜೇಮ್ಸ್ ಓ'ನೀಲ್ ಬರೆದುಕೊಳ್ಳುತ್ತಿದ್ದ. ಹೀಗೆ ಕೂಡಿಸಿದ 1,850 ಮಟ್ಟುಗಳ ಗ್ರಂಥ 1903ರಲ್ಲಿ ಪ್ರಕಟವಾಯಿತು. ಐರ್ಲೆಂಡಿನ ಹಳ್ಳಿಗಳು ಮರೆತ ಹಲವು ಮಟ್ಟುಗಳು ಶಿಕಾಗೋದಿಂದ ಅಚ್ಚಾಗಿ ಹಳ್ಳಿಗಳಿಗೆ ಮರಳಿದವು.

ಮಿಲ್‌ಟೌನಿನಲ್ಲಿ ಈ ಪರಂಪರೆ ಉಳಿದ ಬಗೆ ಬೇರೆ. ಕ್ಷಾಮದ ನಡುವೆ, 1847ರಲ್ಲಿ, ಸಮೀಪದ ಇನಾ ಎಂಬ ಊರಿನಲ್ಲಿ ಗ್ಯಾರೆಟ್ ಬ್ಯಾರಿ ಹುಟ್ಟಿದ. ಅವನು ಕುರುಡ. ಹೊಲದ ಕೆಲಸ ಮಾಡಲಾರದ ಕುರುಡರಿಗೆ ಸಂಗೀತವನ್ನು ಕಲಿಸಿ ಜೀವನೋಪಾಯ ಕಲ್ಪಿಸುವುದು ಆ ನಾಡಿನ ವಾಡಿಕೆಯಾಗಿತ್ತು. ಬ್ಯಾರಿ ಇಲನ್ ಪೈಪನ್ನು ಹೊತ್ತು ಮನೆಯಿಂದ ಮನೆಗೆ ಸಾಗುತ್ತಿದ್ದ. ಅವನನ್ನು ಆದರದಿಂದ ಇರಿಸಿಕೊಳ್ಳುತ್ತಿದ್ದ ಮನೆಗಳಲ್ಲಿ ಕ್ಲಾನ್ಸಿಯವರದೂ ಒಂದು. ಆ ಮನೆಯ ಹುಡುಗ ಗಿಲ್ಬರ್ಟ್ ಅವನ ವಾದನವನ್ನು ಕೇಳಿ ಕೇಳಿ ನೆನಪಿನಲ್ಲಿ ತುಂಬಿಕೊಂಡ. 1899ರಲ್ಲಿ ಬ್ಯಾರಿ ತೀರಿಕೊಂಡ. ಗಿಲ್ಬರ್ಟನು ಪೈಪ್ ನುಡಿಸುವವನಲ್ಲ; ಕೊಳಲು, ಕನ್ಸರ್ಟಿನಾಗಳನ್ನು ನುಡಿಸುತ್ತಿದ್ದ. ಆದರೂ ಆ ಕುರುಡ ವಾದಕನ ಮಟ್ಟುಗಳನ್ನು ಅವನು ಕೈಬಿಡಲಿಲ್ಲ. 1918ರ ಡಿಸೆಂಬರ್ 24ರಂದು ಅವನಿಗೆ ಒಬ್ಬ ಮಗ ಹುಟ್ಟಿದ. ಅವನೇ ವಿಲಿ. ತಾನು ಹುಟ್ಟುವ ಹತ್ತೊಂಬತ್ತು ವರ್ಷ ಮೊದಲೇ ಸತ್ತಿದ್ದ ಗ್ಯಾರೆಟ್ ಬ್ಯಾರಿಯ ಸಂಗೀತವನ್ನು ವಿಲಿ ತನ್ನ ತಂದೆಯ ಕೊಳಲಿನಿಂದ ಕೇಳಿ ಕಲಿತ.

ಇಲನ್ ಪೈಪನ್ನು ಅವನು ಮೊದಲು ಕಂಡುದು 1936ರಲ್ಲಿ. ಜಾನಿ ಡೋರನ್ ಎಂಬ ಅಲೆಮಾರಿ ವಾದಕ ಕುದುರೆ ಹೂಡಿದ ಬಂಡಿಯಲ್ಲಿ ಜಾತ್ರೆಯಿಂದ ಜಾತ್ರೆಗೆ ತಿರುಗುತ್ತಿದ್ದ. ಅವನ ವಾದನ ತರುಣ ವಿಲಿಯ ಬಾಳಿನ ದಾರಿಯನ್ನೇ ಬದಲಿಸಿತು. ಡೋರನ್ ಬಹುಕಾಲ ಬದುಕಲಿಲ್ಲ. 1947ರಲ್ಲಿ ಐರಿಷ್ ಜಾನಪದ ಆಯೋಗದವರು ಡಬ್ಲಿನ್ ನಗರದಲ್ಲಿ ಅವನ ವಾದನವನ್ನು ಧ್ವನಿಮುದ್ರಿಸಿಕೊಂಡರು. ಮರುವರ್ಷ ಬಿರುಗಾಳಿಗೆ ಒಂದು ಗೋಡೆ ಅವನ ಬಂಡಿಯ ಮೇಲೆ ಕುಸಿದು ಅವನ ದೇಹ ಸ್ವಾಧೀನ ತಪ್ಪಿತು, 1950ರಲ್ಲಿ ಸತ್ತ. ಆ ಧ್ವನಿಮುದ್ರಣ ಒಂದು ವರ್ಷ ತಡವಾಗಿದ್ದರೆ ಅವನ ಕಲೆ ಹೇಗಿತ್ತೆಂಬುದನ್ನು ನಾವು ಇಂದು ಕೇಳಿ ತಿಳಿಯುವಂತಿರಲಿಲ್ಲ.

ಇದೇ ಜಾನಪದ ಆಯೋಗ 1937ರಲ್ಲಿ ಕೈಗೊಂಡ ಮತ್ತೊಂದು ಕಾರ್ಯ ವಿದ್ಯಾರ್ಥಿಗಳಾದ ನಿಮಗೆ ವಿಶೇಷ ಕುತೂಹಲವನ್ನು ಉಂಟುಮಾಡಬಹುದು. ಸುಮಾರು 5,000 ಪ್ರಾಥಮಿಕ ಶಾಲೆಗಳ ಹಿರಿಯ ತರಗತಿಯ ಮಕ್ಕಳಿಗೆ ಪ್ರಬಂಧ ಬರೆಯುವ ಕೆಲಸದಿಂದ ವಿನಾಯಿತಿ ಕೊಟ್ಟು, ಮನೆಯ ಅಜ್ಜ ಅಜ್ಜಿಯರನ್ನೂ ನೆರೆಯ ವೃದ್ಧರನ್ನೂ ಕೇಳಿ ಹಳೆಯ ಸಂಗತಿಗಳನ್ನು ಬರೆದು ತರುವಂತೆ ಹೇಳಲಾಯಿತು. ಬಾವಿ, ಕೋಟೆ, ಕ್ಷಾಮ, ಔಷಧಿಯ ಗಿಡ, ಆಟ, ಒಗಟು, ಹಾಡು - ಯಾವುದೂ ಅಲ್ಪವೆನಿಸಲಿಲ್ಲ. ಸುಮಾರು 50,000 ಮಕ್ಕಳು ಈ ಕೆಲಸ ಮಾಡಿದರು. ಅವರ ಬಹುಪಾಲು ಮಂದಿ ಹನ್ನೊಂದರಿಂದ ಹದಿನಾಲ್ಕು ವರ್ಷದವರು. ಅವರ ಸಂಗ್ರಹ 7 ಲಕ್ಷಕ್ಕೂ ಹೆಚ್ಚು ಪುಟಗಳಷ್ಟಿದ್ದು, ಡಬ್ಲಿನ್ನಿನ ವಿಶ್ವವಿದ್ಯಾನಿಲಯದಲ್ಲಿ ಸುರಕ್ಷಿತವಾಗಿದೆ. ಪ್ರತಿ ಬರಹದ ಜೊತೆಗೆ, ಹೇಳಿದವರ ಹೆಸರನ್ನೂ ಊರನ್ನೂ ಮಕ್ಕಳು ನಮೂದಿಸುತ್ತಿದ್ದರು. ಪಂಡಿತರ ಎಷ್ಟೋ ಗ್ರಂಥಗಳಿಗಿಂತ ಈ ಶಾಲಾ ಪುಸ್ತಕಗಳೇ ಇಂದು ಆ ನಾಡಿನ ಇತಿಹಾಸಕಾರರಿಗೆ ಹೆಚ್ಚು ಉಪಯುಕ್ತವಾಗಿವೆ.

ಒಂದು ಕಡೆ ಹೀಗೆ ಹಳೆಯದನ್ನು ಕೂಡಿಡುತ್ತಿದ್ದಾಗ, ಇನ್ನೊಂದು ಕಡೆ ಅದನ್ನು ಅಳಿಸುವ ಕೆಲಸವೂ ನಡೆದಿತ್ತು. 1935ರಲ್ಲಿ ಸಾರ್ವಜನಿಕ ನರ್ತನಶಾಲೆಗಳಿಗೆ ಸಂಬಂಧಿಸಿದಂತೆ ಒಂದು ಕಾನೂನು ಬಂದಿತು. ನ್ಯಾಯಾಲಯದ ಪರವಾನಗಿಯಿಲ್ಲದೆ ಸಾರ್ವಜನಿಕ ನರ್ತನ ನಡೆಸಕೂಡದೆಂಬುದು ಅದರ ವಿಧಿ. ಪಾದ್ರಿಗಳೂ ಪೊಲೀಸರೂ ಇದನ್ನು ಅಡುಗೆಮನೆಯ ಕುಣಿತದವರೆಗೂ ಎಳೆದರು. ಮಿಲ್‌ಟೌನಿನ ಸಮೀಪದ ಪ್ರಸಿದ್ಧ ಪಿಟೀಲುಗಾರ ಜೂನಿಯರ್ ಕ್ರೀಹನ್ (1908-1998) ಇದರಿಂದ ಹಳ್ಳಿಯ ಸಂಗೀತಕ್ಕೆ ಒದಗಿದ ಪೆಟ್ಟನ್ನು ಜೀವನದ ಕೊನೆಯವರೆಗೂ ನೋವಿನಿಂದ ನೆನೆಯುತ್ತಿದ್ದ. ಮನೆಗಳು ಮೌನವಾದವು. ನುಡಿಸುವವರು ಇದ್ದರೂ ಕುಣಿಯುವವರಿರಲಿಲ್ಲ.

ವಿಲಿ ಕ್ಲಾನ್ಸಿ ಅಷ್ಟರಲ್ಲಿ ಒಳ್ಳೆಯ ವಾದಕನೆನಿಸಿದ್ದ. 1947ರ ರಾಷ್ಟ್ರೀಯ ಸ್ಪರ್ಧೆಯಲ್ಲಿ ಮೊದಲ ಬಹುಮಾನವನ್ನೂ ಗಳಿಸಿದ್ದ. ಆದರೆ ಬಹುಮಾನದಿಂದ ಹೊಟ್ಟೆ ತುಂಬುವುದಿಲ್ಲ. ಬಡಗಿ ಕೆಲಸಕ್ಕಾಗಿ ಅವನೂ ಲಂಡನ್ನಿಗೆ ಹೋಗಬೇಕಾಯಿತು. 1957ರಲ್ಲಿ, ತಂದೆ ತೀರಿಕೊಂಡ ಮೇಲೆ, ಅವನು ಊರಿಗೆ ಮರಳಿ ಬಂದ. ಇಲ್ಲಿ ಮರಗೆಲಸ ಮಾಡುತ್ತ, ಬಂದವರಿಗೆ ಸಂಗೀತವನ್ನು ಹೇಳಿಕೊಡುತ್ತ ಉಳಿದ ಬಾಳನ್ನು ಕಳೆದ. ಇಷ್ಟರಲ್ಲಿ ನಾಡಿನ ಮನಸ್ಸೂ ಬದಲಾಗತೊಡಗಿತ್ತು. 1951ರಲ್ಲಿ ಮಲಿಂಗಾರ್ ಎಂಬ ಪೇಟೆಯಲ್ಲಿ ಸಂಗೀತಗಾರರ ರಾಷ್ಟ್ರೀಯ ಸಂಘವೊಂದು ಹುಟ್ಟಿ ವರ್ಷವರ್ಷವೂ ಉತ್ಸವವನ್ನು ನಡೆಸುತ್ತಿತ್ತು. 1968ರಲ್ಲಿ ಇಲನ್ ಪೈಪ್ ವಾದಕರೇ ಒಂದು ಸಂಘ ಕಟ್ಟಿಕೊಂಡರು. ಆಗ ಉಳಿದಿದ್ದ ವಾದಕರ ಸಂಖ್ಯೆ ನೂರಕ್ಕೂ ಕಡಿಮೆ. ವಾದ್ಯವನ್ನು ತಯಾರಿಸಬಲ್ಲವರೂ, ಜೊಂಡನ್ನು ಸೀಳಿ ಅದರ ನಾಲಗೆಯನ್ನು ಮಾಡಬಲ್ಲವರೂ ಇನ್ನೂ ವಿರಳ. ನಾಗಸ್ವರಕ್ಕೆ ಹೇಗೋ ಹಾಗೆ ಇದಕ್ಕೂ ನಾಲಗೆ ಸರಿಯಿಲ್ಲದಿದ್ದರೆ ನಾದವಿಲ್ಲ.

1973ರ ಜನವರಿ 24ರಂದು, ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಕ್ಲಾನ್ಸಿ ಅನಿರೀಕ್ಷಿತವಾಗಿ ತೀರಿಕೊಂಡ. ಊರಿನವರು ಅವನಿಗೆ ಕಲ್ಲಿನ ಸ್ಮಾರಕವನ್ನಷ್ಟೇ ಕಟ್ಟಿ ಸುಮ್ಮನಿರಬಹುದಾಗಿತ್ತು. ಅವರು ಹಾಗೆ ಮಾಡದೆ ಅದೇ ವರ್ಷದ ಬೇಸಗೆಯಲ್ಲಿ ಅವನ ಹೆಸರಿನ ಸಂಗೀತ ಶಾಲೆಯೊಂದನ್ನು ತೆರೆದರು. ಕೆರಿ ಜಿಲ್ಲೆಯಿಂದ ಬಂದು ಇಲ್ಲಿ ಉಪಾಧ್ಯಾಯರಾಗಿದ್ದ ಮುರಿಸ್ ಓ ರೋಹಾನ್ ಅದರ ಸ್ಥಾಪಕರಲ್ಲಿ ಒಬ್ಬರು; 2011ರಲ್ಲಿ ನಿಧನರಾಗುವವರೆಗೂ ಅವರ ಬಾಳು ಈ ಶಾಲೆಯೊಡನೆ ಹೆಣೆದುಕೊಂಡಿತ್ತು.

ಈ ಶಾಲೆಗೆ ಸ್ವಂತದ ದೊಡ್ಡ ಕಟ್ಟಡವಿಲ್ಲ, ಊರೇ ಶಾಲೆ. ಜುಲೈ ತಿಂಗಳ ಮೊದಲ ಭಾಗದಲ್ಲಿ ಒಂಬತ್ತು ದಿನ ಸಾವಿರಕ್ಕೂ ಮಿಕ್ಕ ವಿದ್ಯಾರ್ಥಿಗಳು ಹಲವು ದೇಶಗಳಿಂದ ಬಂದು ಸೇರುತ್ತಾರೆ. ಬೆಳಗಿನ ಹೊತ್ತು ಶಾಲೆಗಳ ಕೊಠಡಿಗಳಲ್ಲಿ, ಸಭಾಂಗಣಗಳಲ್ಲಿ, ಮನೆಗಳ ಅಡುಗೆಮನೆಗಳಲ್ಲಿಯೂ ಪಾಠಗಳು ನಡೆಯುತ್ತವೆ. ಹತ್ತು ವರ್ಷದ ಹುಡುಗಿಯ ಪಕ್ಕದಲ್ಲಿ ಅರುವತ್ತು ವರ್ಷದ ವೈದ್ಯನೋ ರೈತನೋ ಕುಳಿತು ಒಂದೇ ಮಟ್ಟನ್ನು ತಪ್ಪುತ್ತ ತಿದ್ದಿಕೊಳ್ಳುತ್ತ ಕಲಿಯುವುದುಂಟು. ಗುರುವು ಒಂದು ಸಾಲನ್ನು ನುಡಿಸುತ್ತಾನೆ. ಶಿಷ್ಯರು ಅದನ್ನು ಅನುಸರಿಸುತ್ತಾರೆ. ಇಲ್ಲಿ ಪರೀಕ್ಷೆಯಿಲ್ಲ, ಸ್ಪರ್ಧೆಯಿಲ್ಲ. ಸ್ಪರ್ಧೆಯನ್ನು ಹೊರಗಿಟ್ಟುದೇ ಈ ಶಾಲೆಯ ಏಳಿಗೆಗೆ ಒಂದು ಮುಖ್ಯ ಕಾರಣವೆಂದು ತೋರುತ್ತದೆ. ಗೆಲ್ಲುವ ಆತುರವಿಲ್ಲದ ಕಡೆ ಕೇಳುವ ತಾಳ್ಮೆ ತಾನಾಗಿ ಬೆಳೆಯುತ್ತದೆ. ಸಂಜೆಯಾದೊಡನೆ ಬೀದಿಯ ಪ್ರತಿಯೊಂದು ಬಾಗಿಲಿನಿಂದಲೂ ನಾದ ಹೊರಹೊಮ್ಮುತ್ತದೆ. ಕಾನೂನಿಗೆ ಹೆದರಿ ಮನೆಗಳಿಂದ ಮರೆಯಾಗಿದ್ದ ನಾಲ್ಕು ಜೋಡಿಗಳ ನರ್ತನವನ್ನೂ ಈಗ ಇಲ್ಲಿ ತರಗತಿ ನಡೆಸಿ ಕಲಿಸುತ್ತಾರೆ. ಜೊಂಡಿನ ನಾಲಗೆಯನ್ನು ಕೊರೆಯುವ ಕೈಕೆಲಸಕ್ಕೂ ಪ್ರತ್ಯೇಕ ಪಾಠವುಂಟು. 2017ರಲ್ಲಿ ಯುನೆಸ್ಕೋ ಸಂಸ್ಥೆ ಇಲನ್ ಪೈಪ್ ವಾದನವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಐರ್ಲೆಂಡಿನ ಇಂಥ ಸಣ್ಣ ಪೇಟೆಗಳಿಗೂ ನಮಗೂ ಸಂಬಂಧವೇ ಇಲ್ಲವೆಂದು ತಿಳಿಯಬೇಕಾಗಿಲ್ಲ. ರಾಸ್‌ಕಾಮನ್ ಜಿಲ್ಲೆಯ ಬಾಯ್ಲ್ ಎಂಬ ಪೇಟೆಯಲ್ಲಿ 1878ರಲ್ಲಿ ಹುಟ್ಟಿ, ಡಬ್ಲಿನ್ನಿನಲ್ಲಿ ಸಂಗೀತವನ್ನು ಅಭ್ಯಾಸ ಮಾಡಿ, ಭಾರತಕ್ಕೆ ಬಂದು ನೆಲೆಸಿದ ಮಾರ್ಗರೆಟ್ ಕಸಿನ್ಸ್ ಅವರೇ 1919ರಲ್ಲಿ ಮದನಪಲ್ಲಿಯಲ್ಲಿ ರವೀಂದ್ರನಾಥ ಠಾಕೂರರು ತಂಗಿದ್ದಾಗ 'ಜನಗಣಮನ'ದ ಮಟ್ಟನ್ನು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆದಿಡಲು ನೆರವಾದವರು.

ಐರಿಷ್ ಮಟ್ಟುಗಳಲ್ಲಿ ಬಹುಪಾಲು ಯಾರು ರಚಿಸಿದವೆಂಬುದು ತಿಳಿಯದು. ಆದರೆ ಒಬ್ಬನಿಂದ ಕಲಿತ ಮಟ್ಟನ್ನು ಅವನ ಹೆಸರಿನಿಂದಲೇ ಕರೆಯುವುದು ವಾದಕರ ರೂಢಿ. ನುಡಿಸುವ ಮೊದಲೋ ಆಮೇಲೋ ಅದು ಯಾರಿಂದ ಬಂದಿತೆಂದು ಎರಡು ಮಾತು ಹೇಳುವುದೂ ಉಂಟು. ಮಿಲ್‌ಟೌನಿನ ತರಗತಿಗಳಲ್ಲಿ ಕೇಳಿಬರುವ ಒಂದು ಜಿಗ್‌ಗೆ 'ಗ್ಯಾರೆಟ್ ಬ್ಯಾರಿಯ ಜಿಗ್' ಎಂದು ಹೆಸರು. ಕ್ಷಾಮದ ವರ್ಷದಲ್ಲಿ ಹುಟ್ಟಿದ ಆ ಕುರುಡನ ಮಟ್ಟನ್ನು ಪುಟ್ಟ ಮೊಣಕೈಗಳು ತಿದಿಯನ್ನು ಒತ್ತುತ್ತ ಈಗಲೂ ಕಲಿಯುತ್ತಿವೆ.