ಒನಕೆಯ ನೆರಳು

ಅಕ್ಕಂದಿರೇ, ನಿಮ್ಮ ಮನೆಯಲ್ಲಿ ಒನಕೆ ಉಂಟಾ?

ಈಗ ಭತ್ತ ಕುಟ್ಟುವವರು ಕಡಿಮೆ. ಮಿಲ್ಲು ಬಂತು. ಮಿಕ್ಸಿ ಬಂತು. ಆದರೂ ಹಳೆಯ ಮನೆಗಳ ಮೂಲೆಯಲ್ಲಿ ಒಂದು ಒನಕೆ ಒರಗಿ ನಿಂತಿರುತ್ತದೆ. ತುಳುವಿನಲ್ಲಿ ಅದಕ್ಕೆ ಉಜ್ಜೆರ್ ಎನ್ನುತ್ತೇವೆ. ಈ ಪಾಠ ಆ ಒನಕೆಯದ್ದು. ಅದರ ನೆರಳಿನದ್ದು.

ಶಾಲೆಯ ಅಂಗಳದಲ್ಲಿ

ನಾವು ಕಾಪು ಕಡೆಯವರು. ನಮ್ಮಲ್ಲಿ ಬೀಡಿ ಕಟ್ಟುವವರಿದ್ದಾರೆ. ಮೀನು ಮಾರುವವರಿದ್ದಾರೆ. ಗದ್ದೆ ಕೆಲಸದವರಿದ್ದಾರೆ. ಸಂಜೆ ಒಟ್ಟಿಗೆ ಕೂತು ಓದುತ್ತೇವೆ.

ಒಂದು ವರ್ಷ ಬಿಸು ಹಬ್ಬ ಕಳೆದು ಹತ್ತು ದಿನ ಆಗಿತ್ತು. ಮಕ್ಕಳು ಓಡಿ ಬಂದು ಸುದ್ದಿ ಹೇಳಿದರು. "ಅಮ್ಮ, ನಾಳೆ ಶಾಲೆಗೆ ಕಾಲೇಜಿನವರು ಬರ್ತಾರಂತೆ. ಸೂರ್ಯನ ವಿಷಯ ತೋರಿಸ್ತಾರಂತೆ. ಎಲ್ಲರೂ ಬರಬೇಕಂತೆ."

"ನಮಗೆ ಅದೆಲ್ಲ ಎಂತ ಅರ್ಥ ಆಗ್ತದೆ? ನೀವು ಹೋಗಿ" ಎಂದಳು ಒಬ್ಬಳು. "ನಂಗೆ ಬೀಡಿ ಕೊಡ್ಲಿಕ್ಕುಂಟು" ಎಂದಳು ಇನ್ನೊಬ್ಬಳು. ಆದರೂ ಮಕ್ಕಳು ಬಿಡಲಿಲ್ಲ. ಕೈ ಹಿಡಿದು ಎಳೆದುಕೊಂಡೇ ಹೋದರು.

ನಾವು ಎಲ್ಲರ ಹಿಂದೆ, ಮಾವಿನ ಮರದ ಅಡಿಯಲ್ಲಿ ನಿಂತೆವು. ಕಾಲೇಜಿನ ಟೀಚರ್ ನೋಡಿದರು. "ಅಮ್ಮ, ಅಲ್ಲಿ ಯಾಕೆ? ಮುಂದೆ ಬನ್ನಿ. ಇದು ನಿಮಗೂ ಸೇರಿದ್ದು" ಎಂದು ಕರೆದರು.

ಅವರು ಹೇಳಿದರು: "ಇವತ್ತು ಮಧ್ಯಾಹ್ನ ನೆಟ್ಟಗೆ ನಿಂತ ಕೋಲಿಗೆ ಸ್ವಲ್ಪ ಹೊತ್ತು ನೆರಳೇ ಇರುವುದಿಲ್ಲ."

ನಮ್ಮಲ್ಲಿ ಹಿರಿಯರಾದ ಒಬ್ಬ ದೊಡ್ಡಮ್ಮ ಇದ್ದಾರೆ. ಅವರು ಕೇಳಿಯೇ ಬಿಟ್ಟರು. "ಅಲ್ಲ ಮಗಾ, ಗ್ರಹಣದ ದಿನ ತಟ್ಟೆಯಲ್ಲಿ ನೀರು ಹಾಕಿ ಒನಕೆ ಇಟ್ರೆ ಅದು ತನ್ನಷ್ಟಕ್ಕೆ ನಿಲ್ತದೆ. ನಾನೇ ನೋಡಿದ್ದೇನೆ. ಅದು ಹೇಗೆ?"

ಕೆಲವು ಮಕ್ಕಳು ನಕ್ಕರು. ಟೀಚರ್ ನಗಲಿಲ್ಲ. ಸುಳ್ಳು ಎಂದೂ ಹೇಳಲಿಲ್ಲ. "ಒಳ್ಳೆಯ ಪ್ರಶ್ನೆ. ಒಂದು ಒನಕೆ ತನ್ನಿ. ಇವತ್ತು ಗ್ರಹಣ ಇಲ್ಲ. ಇವತ್ತು ನಿಲ್ತದಾ ಅಂತ ನೋಡುವ" ಎಂದರು.

ಒನಕೆ ಬಂತು. ತಟ್ಟೆ ಬಂತು. ದೊಡ್ಡಮ್ಮನೇ ನಿಲ್ಲಿಸಿದರು. ಎರಡು ಸಲ ವಾಲಿತು. ಮೂರನೆಯ ಸಲ ನಿಂತಿತು! ಅಂಗಳ ಇಡೀ ಚಪ್ಪಾಳೆ.

ಒನಕೆಯ ಅಡಿ ಸಮ ಇರಬೇಕು. ಭಾರ ಸರಿಯಾಗಿ ಅಡಿಯ ಮೇಲೆ ಬೀಳಬೇಕು. ಆಗ ಅದು ಯಾವ ದಿನವಾದರೂ ನಿಲ್ಲುತ್ತದೆ. ಗ್ರಹಣದ ದಿನ ಮಾತ್ರ ನಿಲ್ಲಿಸಿ ನೋಡುತ್ತಿದ್ದೆವು. ಬೇರೆ ದಿನ ಯಾರೂ ನಿಲ್ಲಿಸಿ ನೋಡಿರಲಿಲ್ಲ. ಅಷ್ಟೇ.

ನೆರಳು ಎಲ್ಲಿಗೆ ಹೋಯಿತು?

ಆ ಒನಕೆಯನ್ನು ಹಾಗೆಯೇ ಬಿಸಿಲಿನಲ್ಲಿ ಬಿಟ್ಟೆವು. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಅದು ನೆಟ್ಟಗೆ ಉಂಟಾ ಎಂದು ಪರೀಕ್ಷೆ ಮಾಡಿದರು. ಬೆಳಿಗ್ಗೆ ನೆರಳು ಪಡುವಣಕ್ಕೆ ಉದ್ದ ಇರುತ್ತದೆ. ಹೊತ್ತು ಏರಿದ ಹಾಗೆ ಗಿಡ್ಡ ಆಗುತ್ತದೆ. ನೋಡುತ್ತ ನೋಡುತ್ತ ನೆರಳು ಒಂದು ಗೇಣಾಯಿತು. ಆಮೇಲೆ ನಾಲ್ಕು ಬೆರಳಾಯಿತು. 12 ಗಂಟೆ 29 ನಿಮಿಷದ ಹೊತ್ತಿಗೆ ನೆರಳು ಒನಕೆಯ ಅಡಿಗೇ ಸೇರಿಹೋಯಿತು. ಮಕ್ಕಳು ತಮ್ಮ ಕಾಲ ಬುಡ ನೋಡಿಕೊಂಡು ಕುಣಿದರು. ನಾವೂ ನೋಡಿಕೊಂಡೆವು.

ದಿನಾ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ ಎಂದು ನಾವು ಹೇಳುತ್ತೇವೆ. ಅದು ಪೂರ್ತಿ ಸರಿಯಲ್ಲ. ಭೂಮಿ ಬುಗುರಿಯ ಹಾಗೆ ತಿರುಗುತ್ತದೆ. ಸ್ವಲ್ಪ ವಾಲಿಕೊಂಡು ತಿರುಗುತ್ತದೆ. ಹಾಗೆ ವಾಲಿಕೊಂಡೇ ಸೂರ್ಯನನ್ನು ಸುತ್ತುತ್ತದೆ. ಅದರಿಂದ ಸೂರ್ಯ ಆರು ತಿಂಗಳು ತೆಂಕಿನಿಂದ ಬಡಗಿಗೆ ಸರಿದ ಹಾಗೆ ಕಾಣುತ್ತಾನೆ. ಮತ್ತೆ ಆರು ತಿಂಗಳು ಬಡಗಿನಿಂದ ತೆಂಕಿಗೆ. ಈ ಹೋಗಿ ಬರುವ ದಾರಿಯಲ್ಲಿ ನಮ್ಮ ನೆತ್ತಿಯನ್ನು ಅವನು ವರ್ಷಕ್ಕೆ ಎರಡೇ ಸಲ ಸರಿಯಾಗಿ ದಾಟುತ್ತಾನೆ.

ಉಡುಪಿ, ಮಣಿಪಾಲ, ಕಾಪು, ಕಾರ್ಕಳದಲ್ಲಿ ಮೊದಲ ಸಲ ಏಪ್ರಿಲ್ 25ರ ಆಸುಪಾಸು. ಎರಡನೆಯ ಸಲ ಆಗಸ್ಟ್ 17ರ ಆಸುಪಾಸು. ಅಂದರೆ ಆಟಿ ಮುಗಿದು ಸೋಣ ತಿಂಗಳು ಹಿಡಿಯುವಾಗ. ಆಗ ಮಳೆ ಮೋಡ ಇರುತ್ತದೆ. ನೋಡಲು ಸಿಗುವುದು ಕಷ್ಟ. ದೆಹಲಿಯವರಿಗೆ ಈ ದಿನ ಇಲ್ಲವೇ ಇಲ್ಲ. ಸೂರ್ಯ ಅಷ್ಟು ಬಡಗಿಗೆ ಹೋಗುವುದಿಲ್ಲ.

ಡಿಸೆಂಬರ್ ಕೊನೆಗೆ ನಮ್ಮ ಊರಿನಲ್ಲಿ 4 ಅಡಿಯ ಒನಕೆಗೆ ನಡುಮಧ್ಯಾಹ್ನವೂ ಸುಮಾರು 3 ಅಡಿ ನೆರಳು ಇರುತ್ತದೆ. ಕಾರ್ಕಳದ ಗೊಮ್ಮಟ 42 ಅಡಿ ಎತ್ತರ. 1432ರಲ್ಲಿ ನಿಲ್ಲಿಸಿದ್ದು. ಸಮ ನೆಲದಲ್ಲಿ ಅಷ್ಟು ಎತ್ತರಕ್ಕೆ ಆಗ ಸುಮಾರು 31 ಅಡಿ ನೆರಳು ಬೀಳುತ್ತದೆ. ಏಪ್ರಿಲ್ 25ರ ಹೊತ್ತಿಗೆ ಅಷ್ಟು ದೊಡ್ಡ ಗೊಮ್ಮಟನ ನೆರಳೂ ಮಧ್ಯಾಹ್ನ ಅವನ ಪಾದದಡಿಗೇ ಬರುತ್ತದೆ. ಕಾಪುವಿನ ದೀಪಸ್ತಂಭದ್ದೂ ಹಾಗೆಯೇ. ಅದು 1901ರದ್ದು.

ಇಲ್ಲೊಂದು ಸಣ್ಣ ವ್ಯತ್ಯಾಸ ಉಂಟು. ಕಾರ್ಕಳ ಕಾಪುವಿನಿಂದ ಮೂಡಣಕ್ಕೆ ಇದೆ. ಹಾಗಾಗಿ ಸೂರ್ಯ ಕಾರ್ಕಳದ ನೆತ್ತಿಗೆ ಒಂದು ನಿಮಿಷ ಮೊದಲೇ ಬರುತ್ತಾನೆ. ಕಾರ್ಕಳದಲ್ಲಿ ಮಗಳ ಮನೆ ಇದ್ದರೆ ಫೋನು ಮಾಡಿ ಕೇಳಿ. "ನೆರಳು ಹೋಯ್ತಾ?" ಎಂದು. ನಿಮ್ಮದು ಇನ್ನೂ ಕೂದಲೆಳೆಯಷ್ಟು ಉಳಿದಿರುತ್ತದೆ.

ಹೆದರಿಕೆಯ ಮಾತು

ನೆರಳು ಮತ್ತೆ ಮೂಡಣಕ್ಕೆ ಬೆಳೆಯತೊಡಗಿತು. ಮಕ್ಕಳು ಚದುರಿದರು. ಆಗ ನಮ್ಮಲ್ಲೊಬ್ಬಳು ಟೀಚರ ಹತ್ತಿರ ಹೋಗಿ ಸಣ್ಣ ಸ್ವರದಲ್ಲಿ ಕೇಳಿದಳು. "ನನ್ನ ಮಗಳು ಬಸುರಿ ಇರುವಾಗ ಗ್ರಹಣ ಬಂದಿತ್ತು. ಕೋಣೆಯಿಂದ ಹೊರಗೆ ಬಿಡಲಿಲ್ಲ. ನೀರು ಕೇಳಿದಳು. ನಾನು ಕೊಡಲಿಲ್ಲ. ಮಗುವಿಗೆ ಸೀಳು ತುಟಿ ಆಗ್ತದೆ ಅಂತ ಹೆದರಿಕೆ. ನಾನು ಮಾಡಿದ್ದು ತಪ್ಪಾ?"

ಟೀಚರ್ ಅವಳ ಕೈ ಹಿಡಿದುಕೊಂಡರು. "ನೀವು ಮಗಳ ಮೇಲಿನ ಪ್ರೀತಿಯಿಂದ ಮಾಡಿದ್ದು. ಆದರೆ ಇನ್ನು ಹಾಗೆ ಮಾಡಬೇಡಿ" ಎಂದರು. ಆಮೇಲೆ ಹೇಳಿದ್ದನ್ನು ನಾವು ಬರೆದುಕೊಂಡೆವು:

ಸೂರ್ಯ ಮತ್ತು ಭೂಮಿಯ ನಡುವೆ ಚಂದ್ರ ಬಂದರೆ ಸೂರ್ಯಗ್ರಹಣ. ಅದು ಕೂಡ ಒಂದು ನೆರಳು. ಚಂದ್ರನ ನೆರಳು. ಹೊಟ್ಟೆಯಲ್ಲಿರುವ ಮಗುವಿಗೆ ಅದರಿಂದ ಏನೂ ಆಗುವುದಿಲ್ಲ. ಮಗುವಿನ ತುಟಿ ಕೂಡಿಕೊಳ್ಳುವುದು ಬಸುರಿನ ಮೊದಲ ಮೂರು ತಿಂಗಳಲ್ಲಿ. ಸೀಳು ತುಟಿಯ ಮಕ್ಕಳು ಗ್ರಹಣ ಇಲ್ಲದ ವರ್ಷವೂ ಹುಟ್ಟುತ್ತಾರೆ. ಆಪರೇಷನ್ ಮಾಡಿ ಅದನ್ನು ಸರಿಮಾಡಬಹುದು. ಬಸುರಿಗೆ ಊಟ, ನೀರು ಕೊಡದಿದ್ದರೆ ಮಾತ್ರ ನಿಜವಾಗಿ ತೊಂದರೆ.

2019ರ ಡಿಸೆಂಬರ್ 26ರಂದು ಬೆಳಿಗ್ಗೆ ದೊಡ್ಡ ಸೂರ್ಯಗ್ರಹಣ ಆಯಿತು. ಮಂಗಳೂರು, ಕಾಸರಗೋಡು ಕಡೆ ಸೂರ್ಯ ಬಳೆಯ ಹಾಗೆ ಕಂಡ. ಅದೇ ದಿನ ಕಲಬುರಗಿ ಹತ್ತಿರದ ಒಂದು ಊರಿನಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತಿದ್ದರು. ಕಾಯಿಲೆ ವಾಸಿ ಆಗುತ್ತದೆ ಎಂಬ ನಂಬಿಕೆ. ಆ ತಾಯಂದಿರೂ ನಮ್ಮ ಹಾಗೆಯೇ ಮಕ್ಕಳನ್ನು ಪ್ರೀತಿಸುವವರೇ. ಕೇಳಲು ಅವರಿಗೆ ಹತ್ತಿರದಲ್ಲಿ ಯಾರೂ ಸಿಗಲಿಲ್ಲವೋ ಏನೋ.

ಒಂದು ಎಚ್ಚರಿಕೆ ಮಾತ್ರ ನಿಜ. ಗ್ರಹಣದ ಸೂರ್ಯನನ್ನು ಬರಿಗಣ್ಣಿನಿಂದ ನೋಡಬಾರದು. ಎಕ್ಸ್‌ರೇ ಹಾಳೆಯಿಂದಲೂ ನೋಡಬಾರದು. ಕಣ್ಣು ಹಾಳಾಗುತ್ತದೆ. ಅದಕ್ಕೆಂದೇ ಮಾಡಿದ ಕನ್ನಡಕ ಬೇಕು. ಕನ್ನಡಕ ಇಲ್ಲವೇ? ಸಣ್ಣ ತೂತಿನ ಜರಡಿಯನ್ನು ಬಿಸಿಲಿಗೆ ಹಿಡಿಯಿರಿ. ಸೂರ್ಯನಿಗೆ ಬೆನ್ನು ಹಾಕಿ ನೆಲ ನೋಡಿ. ಒಂದೊಂದು ತೂತಿಗೂ ಒಂದೊಂದು ಕುಡುಗೋಲಿನ ಆಕಾರದ ಸೂರ್ಯ ಕಾಣುತ್ತಾನೆ.

ಕೇಳಲು ಜಾಗ ಉಂಟು

ಮಣಿಪಾಲಕ್ಕೆ ನಾವು ಹೋಗುವುದು ಕಾಯಿಲೆ ಬಂದಾಗ. ಅಲ್ಲಿ ಮೆಡಿಕಲ್ ಕಾಲೇಜು ಶುರುವಾದದ್ದು 1953ರಲ್ಲಿ. ಆದರೆ ಅಲ್ಲಿ ರೋಗ ನೋಡುವವರು ಮಾತ್ರ ಇಲ್ಲ. ನಕ್ಷತ್ರಗಳ ಬಗ್ಗೆ ಸಂಶೋಧನೆ ಮಾಡುವವರೂ ಇದ್ದಾರೆ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಹವ್ಯಾಸಿ ಖಗೋಳ ವೀಕ್ಷಕರ ಸಂಘ ಇದೆ. ಗ್ರಹಣ, ನೆರಳಿಲ್ಲದ ದಿನ ಎಲ್ಲವನ್ನೂ ಜನರಿಗೆ ತಿಳಿಸುತ್ತ ಬಂದಿದೆ. ಮಂಗಳೂರಿನ ಪಿಲಿಕುಳದಲ್ಲಿ ವಿಜ್ಞಾನ ಕೇಂದ್ರ ಉಂಟು. ತಾರಾಲಯ ಉಂಟು. ಪ್ರತಿ ವರ್ಷ ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. ಸರ್ ಸಿ.ವಿ. ರಾಮನ್ 1928ರಲ್ಲಿ ಅದೇ ದಿನ ಬೆಳಕಿನ ಬಗ್ಗೆ ದೊಡ್ಡ ಸಂಗತಿ ಕಂಡುಹಿಡಿದರು. ಆ ದಿನದ ಹೊತ್ತಿಗೆ ಶಾಲೆ ಕಾಲೇಜುಗಳಲ್ಲಿ ಕಾರ್ಯಕ್ರಮ ಇರುತ್ತದೆ.

ಇದು ಇಂದು ನಿನ್ನೆಯ ಕೆಲಸ ಅಲ್ಲ. ನಮ್ಮ ಕೋಟದ ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲ ಪ್ರಪಂಚ' ಬರೆದರು. ದೊಡ್ಡವರಿಗಾಗಿ 'ವಿಜ್ಞಾನ ಪ್ರಪಂಚ' ಬರೆದರು. ವಿಜ್ಞಾನ ಕನ್ನಡದಲ್ಲೇ ಎಲ್ಲರಿಗೂ ಸಿಗಬೇಕು ಎಂಬುದು ಅವರ ಆಸೆ. 1990ರಲ್ಲಿ ಭಾರತ ಜ್ಞಾನ ವಿಜ್ಞಾನ ಜಾಥಾ ಊರೂರಿಗೆ ಹೋಯಿತು. ಹಾಡು, ನಾಟಕಗಳ ಮೂಲಕ ಅಕ್ಷರವನ್ನೂ ವಿಜ್ಞಾನವನ್ನೂ ಒಟ್ಟಿಗೆ ಜನರ ಬಳಿಗೆ ತಂದಿತು.

ಹಾಗಾಗಿ ಅಕ್ಕಂದಿರೇ, ಇಂಥ ಕಾರ್ಯಕ್ರಮ ಎಂದರೆ ಮಕ್ಕಳಿಗೆ ಮಾತ್ರ ಎಂದು ತಿಳಿಯಬೇಡಿ. ಹಿಂದೆ ನಿಲ್ಲಬೇಡಿ. ಕಲಿತವರು ಬಂದಿರುವುದೇ ನಮ್ಮ ಪ್ರಶ್ನೆ ಕೇಳಲಿಕ್ಕೆ. ನಮ್ಮ ಪ್ರಶ್ನೆಯಿಂದ ಅವರಿಗೂ ಲಾಭ ಉಂಟು. ಜನ ಏನು ನಂಬಿದ್ದಾರೆ, ಯಾವುದಕ್ಕೆ ಹೆದರುತ್ತಾರೆ ಎಂದು ಅವರಿಗೆ ತಿಳಿಯುತ್ತದೆ.

ನೋಡುವುದು. ಕೇಳುವುದು. ಪರೀಕ್ಷೆ ಮಾಡುವುದು. ಬರೆದಿಡುವುದು. ವಿಜ್ಞಾನಿಗಳು ಮಾಡುವುದು ಇದನ್ನೇ. ಮೊದಲ ಮೂರು ನಮಗೆ ಮೊದಲೇ ಬರುತ್ತಿತ್ತು. ಸಾರಿಗೆ ಉಪ್ಪು ಸರಿ ಉಂಟಾ ಎಂದು ನೋಡುವವರು ನಾವೇ ಅಲ್ಲವೇ? ನಾಲ್ಕನೆಯದು ಈಗ ಬಂತು.

ಆ ದಿನ ಸಂಜೆ ದೊಡ್ಡಮ್ಮ ತಮ್ಮ ನೋಟ್ ಪುಸ್ತಕದಲ್ಲಿ ಬರೆದರು. ಅಕ್ಷರ ದೊಡ್ಡದು, ಸ್ವಲ್ಪ ಓರೆ. "ಏಪ್ರಿಲ್ 25. ಗ್ರಹಣ ಇಲ್ಲ. ಒನಕೆ ನಿಂತಿತು. ನೆರಳು ಇಲ್ಲ. ನಾನು ನೋಡಿದೆ."

ನೀವೂ ಮಾಡಿ

1. ಅಂಗಳದಲ್ಲಿ ಒನಕೆ ಅಥವಾ ಕೋಲು ನೆಟ್ಟಗೆ ನಿಲ್ಲಿಸಿ. ತಿಂಗಳಿಗೊಮ್ಮೆ ಮಧ್ಯಾಹ್ನ 12 ಗಂಟೆಯಿಂದ 1 ಗಂಟೆವರೆಗೆ ನೆರಳು ನೋಡುತ್ತಿರಿ. ಅತಿ ಗಿಡ್ಡ ಇದ್ದಾಗ ಅಳೆಯಿರಿ. ತಾರೀಕು, ಅಳತೆ, ದಿಕ್ಕು ಬರೆದಿಡಿ.

2. ನಿಮ್ಮ ಊರ ಹತ್ತಿರದ ಹೆಸರುಗಳಲ್ಲಿ ದಿಕ್ಕು ಹುಡುಕಿ. ಉದಾಹರಣೆ: ಪಡುಬಿದ್ರಿ, ಮೂಡುಬಿದಿರೆ, ತೆಂಕನಿಡಿಯೂರು, ಬಡಗಬೆಟ್ಟು.

ಕೂತು ಮಾತಾಡಿ

1. ಗ್ರಹಣದ ದಿನ ನಿಮ್ಮ ಮನೆಯಲ್ಲಿ ಏನು ಮಾಡುತ್ತಾರೆ? ಯಾಕೆ?

2. ಬಸುರಿ ಹೆಂಗಸಿಗೆ ಆ ದಿನ ಏನು ಕೊಡಬೇಕು?

3. ಒಬ್ಬ ವಿಜ್ಞಾನಿ ನಿಮ್ಮ ಊರಿಗೆ ಬಂದರೆ ನೀವು ಕೇಳುವ ಮೊದಲ ಪ್ರಶ್ನೆ ಯಾವುದು? ಅದನ್ನು ಇವತ್ತೇ ಬರೆದಿಡಿ.