ಮಳೆಗಾಲದ ತಾಳಮದ್ದಳೆಗೆ ಲಿನಕ್ಸ್ ರೆಕಾರ್ಡಿಂಗ್

ಮಳೆ ಹಿಡಿದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯಲ್ಲಿ ತಾಳಮದ್ದಳೆಯ ಸರದಿ. ಮುರ್ಡೇಶ್ವರದ ಆಸುಪಾಸಿನ ಕೂಟವೊಂದನ್ನು ಮೊಬೈಲಿನಲ್ಲಿ ಹಿಡಿದು ನೋಡಿ: ಮದ್ದಳೆಯ ಪೆಟ್ಟು ಮುಂದೆ, ಅರ್ಥಧಾರಿಯ ಮಾತು ಎಲ್ಲೋ ಹಿಂದೆ. ಭಾಗವತರಿಗೊಂದು, ಮದ್ದಳೆಗೊಂದು, ಅರ್ಥಧಾರಿಗಳಿಗೆ ಎರಡು, ಹೀಗೆ ನಾಲ್ಕು ಮೈಕ್ ಬೇರೆ ಬೇರೆ ಟ್ರ್ಯಾಕಿಗೆ ಹೋಗಬೇಕು. (ಚಂಡೆಗೆ ಬೇರೆ ಮೈಕ್ ಬೇಡ, ಭಾಗವತರ ಮೈಕಿಗೇ ಬೇಕಾದಷ್ಟು ಬಂದಿರುತ್ತದೆ.) ಹಳೆಯ ಲ್ಯಾಪ್‌ಟಾಪ್, ಉಬುಂಟು ಸ್ಟುಡಿಯೊ ಎಂಬ ಲಿನಕ್ಸ್ ಆವೃತ್ತಿ, ನಾಲ್ಕು ಮೈಕ್‌ನ ಆಡಿಯೊ ಇಂಟರ್‌ಫೇಸ್ ಇದ್ದರೆ ಕೆಲಸ ಆಗುತ್ತದೆ. ತೊಡಕು ಬರುವುದು ಡ್ರೈವರ್‌ನಲ್ಲಿ.

ಇಂಟರ್‌ಫೇಸಿನ ಡಬ್ಬದ ಮೇಲೆ ಲಿನಕ್ಸ್ ಹೆಸರು ಹುಡುಕಬೇಡಿ, ಬಹುತೇಕ ಇರುವುದಿಲ್ಲ. ‘ಕ್ಲಾಸ್ ಕಂಪ್ಲಯಂಟ್’ ಎಂದಿದೆಯೇ ನೋಡಿ. ಯುಎಸ್‌ಬಿ ಆಡಿಯೊಗೆಂದು ಹಾಕಿಕೊಟ್ಟ ಸಾಮಾನ್ಯ ನಿಯಮವನ್ನು ಪಾಲಿಸುವ ಸಾಧನ ಎಂದು ಅರ್ಥ. ಲಿನಕ್ಸ್ ಕರ್ನಲ್‌ನೊಳಗಿನ ಆಲ್ಸಾ ಎಂಬ ಧ್ವನಿ ವ್ಯವಸ್ಥೆ ಅಂಥದ್ದನ್ನು ಸಿ.ಡಿ., ಡೌನ್‌ಲೋಡ್ ಯಾವುದೂ ಇಲ್ಲದೆ ಗುರುತಿಸುತ್ತದೆ. ಬೆಹ್ರಿಂಗರ್ ಯುಎಂಸಿ 404 ಎಚ್‌ಡಿ ಈ ಜಾತಿಯದು. ಕಂಪನಿ ವಿಂಡೋಸ್ ಡ್ರೈವರ್ ಕೊಡುವುದನ್ನು ನಿಲ್ಲಿಸಿದ್ದರಿಂದ ಮೂಲೆ ಸೇರಿದ ಎಷ್ಟೋ ಹಳೆಯ ಇಂಟರ್‌ಫೇಸ್‌ಗಳು ಲಿನಕ್ಸ್‌ನಲ್ಲಿ ಇಂದಿಗೂ ನಡೆಯುತ್ತವೆ. ಹಾಗಾಗಿ ಸೆಕೆಂಡ್‌ಹ್ಯಾಂಡ್ ಕೊಳ್ಳಲು ನನ್ನ ಅಡ್ಡಿಯಿಲ್ಲ.

ಎಚ್ಚರ ಬೇಕಾದ್ದು ಒಳಗೇ ಮಿಕ್ಸರ್ ಇರುವ ಸಾಧನಗಳಲ್ಲಿ. ಧ್ವನಿ ಬರುತ್ತದೆ, ಆದರೆ ಮಿಕ್ಸರ್ ತಿರುಗಿಸುವ ತಂತ್ರಾಂಶ ಕಂಪನಿಯದ್ದೇ, ವಿಂಡೋಸ್, ಮ್ಯಾಕ್‌ಗಳಿಗಷ್ಟೇ. ಫೋಕಸ್‌ರೈಟ್ ಸ್ಕಾರ್ಲೆಟ್‌ನದೂ ಇದೇ ಕತೆಯಾಗಿತ್ತು. ಜೆಫ್ರಿ ಬೆನೆಟ್ ಎಂಬವರು ಅದರ ಒಳಗುಟ್ಟು ಬಿಡಿಸಿ, ಎರಡನೇ, ಮೂರನೇ ತಲೆಮಾರಿನ ಸ್ಕಾರ್ಲೆಟ್‌ಗಳಿಗೆ ಡ್ರೈವರ್ ಬರೆದರು. ಕರ್ನಲ್ 6.7ರಿಂದ ಅದು ತಾನಾಗಿಯೇ ಚಾಲೂ ಆಗುತ್ತದೆ. ಉಬುಂಟು ಸ್ಟುಡಿಯೊ 24.04ರಲ್ಲಿ ಕನಿಷ್ಠ 6.8 ಇದೆ, ಚಿಂತೆಯಿಲ್ಲ. ಗುಂಡಿಗಳನ್ನು ಪರದೆಯ ಮೇಲೆ ನೋಡಲು ಅವರದ್ದೇ ‘ಆಲ್ಸಾ ಸ್ಕಾರ್ಲೆಟ್ ಜಿಯುಐ’ ಹಾಕಿಕೊಳ್ಳಿ.

ಹಣ ಕೊಡುವ ಮುನ್ನ ಪರೀಕ್ಷೆ ಮಾಡಿ. ಉಬುಂಟು ಸ್ಟುಡಿಯೊವನ್ನು ಪೆನ್‌ಡ್ರೈವ್‌ನಿಂದಲೇ ಚಾಲೂ ಮಾಡಿ, ಇಂಟರ್‌ಫೇಸ್ ಜೋಡಿಸಿ, ಟರ್ಮಿನಲ್‌ನಲ್ಲಿ ಇಂಗ್ಲಿಷಿನಲ್ಲಿ ‘ಎ’ ಅಕ್ಷರಕ್ಕೆ ‘ರೆಕಾರ್ಡ್’ ಕೂಡಿಸಿ, ಜಾಗ ಬಿಟ್ಟು ಅಡ್ಡಗೆರೆ, ಸಣ್ಣ ‘ಎಲ್’ ಬರೆದು ಎಂಟರ್ ಒತ್ತಿ. ಪಟ್ಟಿಯಲ್ಲಿ ಹೆಸರು ಬಂತೇ? ಬಂದರೆ ನಾಲ್ಕೂ ಮೈಕಿನಿಂದ ಒಂದಿಷ್ಟು ರೆಕಾರ್ಡ್ ಮಾಡಿ ಕೇಳಿ, ಆಮೇಲೆ ಕೊಳ್ಳಿ.

ರೆಕಾರ್ಡಿಂಗ್‌ಗೆ ‘ಆರ್ಡರ್’ (Ardour) ಎಂಬ ತಂತ್ರಾಂಶ ಇದೆ. ಅದರ ಸೆಟಪ್‌ನಲ್ಲಿ ಆಲ್ಸಾ, ನಿಮ್ಮ ಇಂಟರ್‌ಫೇಸ್, 48,000 ಹರ್ಟ್ಸ್ ಆಯ್ಕೆ ಮಾಡಿ. ಬಫರ್ 64 ಸ್ಯಾಂಪಲ್ಲಿಗೆ ಇಳಿಸುವ ಹುಚ್ಚು ಹಲವರಿಗೆ. ಕೂಟವನ್ನು ಹಿಡಿದಿಡುವುದಷ್ಟೇ ಕೆಲಸವಾದರೆ 1024 ಇಡಿ. ಅದರಿಂದಾಗುವ 21 ಮಿಲಿಸೆಕೆಂಡ್ ತಡದಿಂದ ಯಾರಿಗೂ ತೊಂದರೆಯಿಲ್ಲ, ಹಳೆಯ ಲ್ಯಾಪ್‌ಟಾಪ್ ನಡುವೆ ಮುಗ್ಗರಿಸುವುದೂ ಇಲ್ಲ. ಗೇನ್ ಹೊಂದಿಸುವಾಗ ಅರ್ಥಧಾರಿಗಳಿಂದ ಸಂಧಾನದ ಮಾತಲ್ಲ, ಆರ್ಭಟದ ಮಾತು ಆಡಿಸಿ. ಅಲ್ಲೂ ಮಟ್ಟ ಮೈನಸ್ 12 ಡೆಸಿಬೆಲ್ ದಾಟದಿರಲಿ. 24 ಬಿಟ್‌ನಲ್ಲಿ ನಾಲ್ಕು ಟ್ರ್ಯಾಕಿಗೆ ಗಂಟೆಗೆ ಸುಮಾರು 2 ಜಿಬಿ ಜಾಗ ಬೇಕು.

ಇನ್ನು ಕರೆಂಟು. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ನಾಲ್ಕು ಮೈಕ್‌ನ ಇಂಟರ್‌ಫೇಸಿಗೆ ಸಾಮಾನ್ಯವಾಗಿ ಪ್ರತ್ಯೇಕ ಅಡಾಪ್ಟರ್. ಗಾಳಿಮಳೆಗೆ ಲೈನು ಹೋದರೆ ಡ್ರೈವರ್ ಎಷ್ಟು ಒಳ್ಳೆಯದಿದ್ದರೂ ರೆಕಾರ್ಡಿಂಗ್ ಅಲ್ಲಿಗೇ ನಿಂತಿತು. ಅಡಾಪ್ಟರನ್ನು ಯುಪಿಎಸ್‌ಗೆ ಹಾಕಿ. ‘ಗುಂಯ್’ ಎನ್ನುವ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ನೋಡಿ, ಹಲವು ಸಲ ಕಳ್ಳ ಅದೇ. ಪ್ರಸಂಗಕ್ಕೆ ಮಂಗಳ ಹಾಡಿದ ಕೂಡಲೇ, ಊಟಕ್ಕೆ ಏಳುವ ಮೊದಲೇ, ಇಡೀ ಫೋಲ್ಡರನ್ನು ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿಬಿಡಿ.