ಈ ಕಚೇರಿ ಇನ್ನೂ ಬೇಕಾ?

ಮಕ್ಕಳೇ, "ಊಟಕ್ಕಿಲ್ಲದ ಉಪ್ಪಿನಕಾಯಿ" ಅಂತ ಅಜ್ಜಿ ಹೇಳೋದನ್ನ ಕೇಳಿದ್ದೀರಾ? ಬೇಕಾದಾಗ ಉಪಯೋಗಕ್ಕೆ ಬಾರದ್ದು ಎಂದು ಅರ್ಥ. ಸರ್ಕಾರದ ಸಂಸ್ಥೆಗಳೂ ಕೆಲವೊಮ್ಮೆ ಹಾಗಾಗುತ್ತವೆ. ಒಂದು ಕೆಲಸಕ್ಕೆಂದು ಸಂಸ್ಥೆ ಹುಟ್ಟುತ್ತದೆ. ಕೆಲಸ ಮುಗಿದರೂ ಕಚೇರಿ ಉಳಿದರೆ, ಅಪ್ಪ ಅಮ್ಮ ಕಟ್ಟಿದ ತೆರಿಗೆ ಹಣ ಖರ್ಚಾಗುತ್ತಲೇ ಇರುತ್ತದೆ.

ಅಮೆರಿಕದ ಟೆಕ್ಸಾಸ್ ರಾಜ್ಯ 1977ರಲ್ಲಿ ಇದಕ್ಕೊಂದು ಕಾನೂನು ಮಾಡಿತು. ಅಲ್ಲಿ ಬಹುತೇಕ ಸಂಸ್ಥೆಗಳಿಗೆ ಸಾಮಾನ್ಯವಾಗಿ 12 ವರ್ಷಕ್ಕೊಮ್ಮೆ ಪರೀಕ್ಷೆ! ಮುಂದುವರಿಯಲಿ ಎಂದು ಶಾಸನಸಭೆ ಮತ್ತೆ ಒಪ್ಪದಿದ್ದರೆ, ಹೊತ್ತು ಮುಳುಗಿದಂತೆ ಸಂಸ್ಥೆಯೂ ಮುಗಿಯುತ್ತದೆ. ಅದಕ್ಕೇ ಇದು "ಸೂರ್ಯಾಸ್ತ" ಕಾನೂನು.

ನಮ್ಮ ಐರ್ಲೆಂಡಿನಲ್ಲಿ ಏನಾಯಿತು? 2008ರಲ್ಲಿ ಬ್ಯಾಂಕುಗಳು ಕುಸಿದು ಸರ್ಕಾರದ ಹತ್ತಿರ ದುಡ್ಡೇ ಸಾಲದಾಯಿತು. 2011ರ ನವೆಂಬರಿನಲ್ಲಿ ಸರ್ಕಾರ ಒಂದು ಪಟ್ಟಿ ತಂದಿತು: 48 ಸಂಸ್ಥೆಗಳನ್ನು ಮುಚ್ಚುವುದು ಇಲ್ಲವೇ ವಿಲೀನ ಮಾಡುವುದು, ಇನ್ನೂ 46ನ್ನು ಪರಿಶೀಲಿಸುವುದು. ಕೆಲಸದ ತರಬೇತಿ ಕೊಡುತ್ತಿದ್ದ 'ಫಾಸ್' 2013ರಲ್ಲಿ ಹೋಗಿ 'ಸೋಲಸ್' ಬಂತು. ಹೆಸರು ಬದಲಾಯಿತು, ಆದರೆ ತರಬೇತಿಯ ಅಗತ್ಯ ಹೋಗಲಿಲ್ಲ.

ಎಲ್ಲವೂ ಇಷ್ಟು ಸುಲಭವಲ್ಲ. 'ಕಾಂಬ್ಯಾಟ್ ಪಾವರ್ಟಿ ಏಜೆನ್ಸಿ' 1986ರಿಂದ ಬಡತನದ ಬಗ್ಗೆ ಅಧ್ಯಯನ ಮಾಡಿ ಸರ್ಕಾರಕ್ಕೆ ಸಲಹೆ ಕೊಡುತ್ತಿತ್ತು. 2009ರಲ್ಲಿ ಅದನ್ನು ಸರ್ಕಾರದ ಇಲಾಖೆಯೊಳಗೇ ಸೇರಿಸಿದರು. ಈಗ ಯೋಚಿಸಿ: ಸರ್ಕಾರದ ತಪ್ಪನ್ನು ಹೊರಗೆ ನಿಂತು ಹೇಳುವುದು ಸುಲಭವೋ, ಅದರೊಳಗೇ ಕೂತು ಹೇಳುವುದು ಸುಲಭವೋ? ಅದೂ ಬಡತನ ಹೆಚ್ಚುತ್ತಿದ್ದ ಕಾಲದಲ್ಲಿ!

ಒಮ್ಮೆ ಜನರನ್ನೇ ಕೇಳಿದರು. ಸಂಸತ್ತಿನ ಮೇಲ್ಮನೆಯಾದ ಶಾನಡ್ ಬೇಕೋ ಬೇಡವೋ ಎಂದು 2013ರ ಅಕ್ಟೋಬರ್ 4ರಂದು ಮತದಾನ ನಡೆಯಿತು. ಶೇ. 51.7 ಜನ "ತೆಗೆಯಬೇಡಿ" ಎಂದರು. ಕೂದಲೆಳೆಯಲ್ಲಿ ಅದು ಉಳಿಯಿತು.

ಹಾಗಾದರೆ ಪರಿಶೀಲಿಸುವವರು ಏನೇನು ಕೇಳಬೇಕು?

1. ಇದು ಯಾವ ಕೆಲಸಕ್ಕಾಗಿ ಹುಟ್ಟಿತು? ಆ ಕೆಲಸ ಇನ್ನೂ ಇದೆಯೇ?
2. ಅದನ್ನೇ ಬೇರೆ ಯಾರಾದರೂ ಮಾಡುತ್ತಿದ್ದಾರೆಯೇ?
3. ಮುಚ್ಚಿದರೆ ಯಾರಿಗೆ ತೊಂದರೆ? ಅವರನ್ನು ಕೇಳಿದಿರಾ?

ಮೂರನೆಯದನ್ನು ಮರೆಯಬಾರದು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುತ್ತಾರೆಯೇ? ದುಡ್ಡು ಉಳಿಸೋದು ಒಳ್ಳೆಯದೇ, ಆದರೆ ದನಿಯಿಲ್ಲದವರ ದನಿ ಅಡಗಬಾರದು.

ಹೊಸ ಪದಗಳು: ವಿಲೀನ – ಒಂದರೊಳಗೆ ಒಂದು ಸೇರುವುದು, ಪರಿಶೀಲನೆ – ಚೆನ್ನಾಗಿ ನೋಡಿ ತಿಳಿಯುವುದು, ತೆರಿಗೆ – ಸರ್ಕಾರಕ್ಕೆ ಕಟ್ಟುವ ಹಣ.

ಮನೆಗೆಲಸ: ನಿಮ್ಮೂರಿನ ಗ್ರಂಥಾಲಯಕ್ಕೆ ಈ ಮೂರು ಪ್ರಶ್ನೆ ಹಾಕಿ, ಐದು ವಾಕ್ಯ ಬರೆಯಿರಿ. ಪೋಷಕರೇ, ನೀವು ಮಕ್ಕಳ ಜೊತೆ ವಾದ ಮಾಡಿ, ಆದರೆ ಕನ್ನಡದಲ್ಲೇ!